ಮೊಡವೆಗೆ ಹಚ್ಚುವ ಔಷಧಿ: ಯಾವುದು, ಎಷ್ಟು, ಹೇಗೆ

ಮೆಡಿಕಲ್ ಶಾಪಿನಲ್ಲಿ ನಿಂತು “ಅಣ್ಣಾ, ಮೊಡವೆಗೆ ಒಂದು ಟ್ಯೂಬ್ ಕೊಡಿ” ಅಂದರೆ ಏನಾದರೊಂದು ಟ್ಯೂಬ್ ಕೈಗೆ ಬಂದೇ ಬರುತ್ತದೆ. ಬಂದದ್ದು ಏನೆಂದು ನೋಡದೆ ಹಚ್ಚಿಕೊಳ್ಳುವಲ್ಲಿಂದಲೇ ಅರ್ಧ ತೊಂದರೆ ಶುರು. ಮೊಡವೆ ಔಷಧಿ ಗುಣ ತೋರಿಸುವುದು ತಿಂಗಳ ಲೆಕ್ಕದಲ್ಲಿ, ತಪ್ಪಾಗಿ ಹಚ್ಚಿದರೆ ಚರ್ಮ ಕೆಡುವುದು ದಿನದ ಲೆಕ್ಕದಲ್ಲಿ. ಅದರಲ್ಲೂ ನಮ್ಮ ಗೋಧಿಬಣ್ಣ, ಎಣ್ಣೆಗಪ್ಪು ಚರ್ಮ ಎಲ್ಲಿ ಉರಿದು ಕೆಂಪಾಗುತ್ತದೋ ಅಲ್ಲಿ ಆಮೇಲೆ ಕಪ್ಪು ಕಲೆ ಉಳಿಸಿಕೊಳ್ಳುತ್ತದೆ. ಮೊಡವೆ ಬಿಟ್ಟ ಕಲೆಯ ಪಕ್ಕದಲ್ಲಿ ಔಷಧಿ ಬಿಟ್ಟ ಕಲೆಯೂ ಕೂತರೆ ಎರಡೂ ತಿಂಗಳುಗಟ್ಟಲೆ ಹೋಗುವುದಿಲ್ಲ. ಹಾಗಾಗಿ ಕೆಳಗಿನದ್ದೆಲ್ಲದರ ಹಿಂದೆ ಇರುವುದು ಒಂದೇ ಲೆಕ್ಕ: ಕಡಿಮೆ ಹಚ್ಚಿ, ನಿಧಾನಕ್ಕೆ ಏರಿಸಿ, ಉರಿಸಿಕೊಳ್ಳಬೇಡಿ.

ಮೊದಲು ಟ್ಯೂಬ್ ತಿರುಗಿಸಿ ಓದಿ

ಮುಂದೆ ದೊಡ್ಡದಾಗಿ ಅಚ್ಚಾಗಿರುವ ಹೆಸರು ಬಿಡಿ, ಅದು ಕಂಪನಿ ಇಟ್ಟ ಹೆಸರು. ಹಿಂದೆ ಅಥವಾ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಔಷಧಿಯ ನಿಜವಾದ ಹೆಸರೂ ಶೇಕಡಾವಾರು ಪ್ರಮಾಣವೂ ಇರುತ್ತವೆ. ಕಣ್ಣಿಗೆ ಸಿಗದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಅಲ್ಲಿ ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್, ಫ್ಲುಒಸಿನೊಲೋನ್ ಇವುಗಳಲ್ಲಿ ಒಂದು ಕಂಡರೂ ಅದು ಸ್ಟಿರಾಯ್ಡ್ ಇರುವ ಕ್ರೀಮ್. ಮೊಡವೆಗೆ ಅದು ಬೇಡ. ಹೆಸರಿನ ಕೊನೆಗೆ ‘ಸೋನ್’ ಎಂದಿದ್ದರೆ ಒಮ್ಮೆ ಅನುಮಾನಪಟ್ಟು ಕೇಳುವುದು ಒಳ್ಳೆಯ ಅಭ್ಯಾಸ. ಡ್ಯಾಪ್ಸೋನ್ ಮಾತ್ರ ಈ ಗುಂಪಿನದ್ದಲ್ಲ, ಅದು ಮೊಡವೆಗೇ ಕೊಡುವ ಔಷಧಿ.

ಸ್ಟಿರಾಯ್ಡ್ ಕ್ರೀಮ್ ಮೋಸ ಮಾಡುವ ರೀತಿ ವಿಚಿತ್ರ. ಹಚ್ಚಿದ ಮೂರ್ನಾಲ್ಕು ದಿನಕ್ಕೆ ಕೆಂಪು ಇಳಿಯುತ್ತದೆ, ಮುಖ ತುಸು ಬೆಳ್ಳಗೂ ಕಾಣುತ್ತದೆ. ಮನೆಯವರೆಲ್ಲ “ಏನು ಹಚ್ಚಿದೆ, ಚೆನ್ನಾಗಿದೆಯಲ್ಲ” ಅನ್ನುತ್ತಾರೆ. ಅಕ್ಕ ತಂದದ್ದನ್ನು ತಂಗಿ, ತಂಗಿಯದನ್ನು ಪಕ್ಕದ ಮನೆಯವರು ಹಚ್ಚುತ್ತಾರೆ. ಕೆಲವು ವಾರ, ತಿಂಗಳು ಕಳೆದ ಮೇಲೆ ಚರ್ಮ ತೆಳ್ಳಗಾಗಿ ಸಣ್ಣ ಕೆಂಪು ನಾಳಗಳು ಕಾಣತೊಡಗುತ್ತವೆ, ಕೆನ್ನೆಯ ಮೇಲೆ ಕೂದಲು ಹುಟ್ಟುತ್ತದೆ, ಒಂದೇ ಗಾತ್ರದ ಕೆಂಪು ಗುಳ್ಳೆಗಳು ಗುಂಪಾಗಿ ಏಳುತ್ತವೆ, ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ. ಕ್ರೀಮ್ ಬಿಟ್ಟರೆ ಎಲ್ಲವೂ ಒಮ್ಮೆಲೇ ಹೆಚ್ಚಾಗುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಬಂಗು ಎಂಬ ಮುಖದ ಕಂದು ಮಚ್ಚೆಗೆಂದು ಮಾರುವ, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್ ಮೂರೂ ಬೆರೆಸಿದ ಕ್ರೀಮನ್ನೂ, ಹುಳುಕಡ್ಡಿಗೆ ಕೊಡುವ ಮಿಶ್ರಣದ ಟ್ಯೂಬುಗಳನ್ನೂ ಮೊಡವೆಗೆ ಬಳಸಿ ಹೀಗಾದವರು ಬೇಕಾದಷ್ಟು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಹಚ್ಚುವ ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ನೀವೇ ಏನೋ ಮಾಡಲು ಹೋಗಬೇಡಿ. ಟ್ಯೂಬ್ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ. ಬಿಡುವುದಕ್ಕೂ ಒಂದು ಕ್ರಮವಿದೆ.

ಯಾವ ಔಷಧಿ ಏನು ಮಾಡುತ್ತದೆ

ಕೂದಲ ಬುಡದ ರಂಧ್ರದಲ್ಲಿ ಸತ್ತ ಚರ್ಮದ ಕಣವೂ ಜಿಡ್ಡೂ ಸೇರಿ ಬಿರಡೆಯಂತೆ ಕಟ್ಟಿಕೊಳ್ಳುತ್ತವೆ. ಒಳಗೆ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಸುತ್ತ ಊತ ಬರುತ್ತದೆ. ಅದೇ ಮೊಡವೆ. ಬ್ಲ್ಯಾಕ್‌ಹೆಡ್ಡಿನ ಕಪ್ಪುಬಣ್ಣ ಕೊಳೆಯಲ್ಲ, ಆ ಬಿರಡೆ ತೆರೆದ ಬಾಯಲ್ಲಿ ಗಾಳಿಗೆ ಬಣ್ಣ ತಿರುಗಿದ್ದು. ತಿಕ್ಕಿದರೆ ಹೋಗುವುದಿಲ್ಲ, ಕಡಲೆಹಿಟ್ಟಿಗೂ ಹೋಗುವುದಿಲ್ಲ.

ಬಿರಡೆ ಕಟ್ಟದಂತೆ ತಡೆಯುವುದು ರೆಟಿನಾಯ್ಡ್ ಗುಂಪಿನ ಅಡಾಪಲೀನ್ ಮತ್ತು ಟ್ರೆಟಿನಾಯಿನ್. ಮನೆಯಲ್ಲಿ ಬಳಸುವವರಿಗೆ ಅಡಾಪಲೀನ್ 0.1% ಜೆಲ್ ಸುಲಭ: ಉರಿ ಕಡಿಮೆ, ಬೆಳಕಿಗೆ ಕೆಡುವುದಿಲ್ಲ. ಟ್ರೆಟಿನಾಯಿನ್ 0.025%ರಿಂದ ಶುರುವಾಗುತ್ತದೆ, ಬೆಳಕು ತಾಗಿದರೆ ಕೆಡುತ್ತದೆ, ಬೆನ್ಜಾಯಿಲ್ ಪೆರಾಕ್ಸೈಡ್ ಜೊತೆ ಹಚ್ಚಿದರೂ ಸಾಮಾನ್ಯ ಜೆಲ್ ಕೆಡುತ್ತದೆ. ಅದಕ್ಕೇ ಟ್ರೆಟಿನಾಯಿನ್ ರಾತ್ರಿ ಮಾತ್ರ ಹಚ್ಚುವುದು.

ಬ್ಯಾಕ್ಟೀರಿಯಾ ಕೊಲ್ಲುವುದು ಬೆನ್ಜಾಯಿಲ್ ಪೆರಾಕ್ಸೈಡ್. ಇದಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲ, ಅದೇ ಇದರ ದೊಡ್ಡ ಗುಣ. 2.5%, 5%, 10% ಹೀಗೆ ಸಿಗುತ್ತದೆ. ಕೆಂಪು ಮೊಡವೆ ಇಳಿಸುವುದರಲ್ಲಿ 2.5%ಗೂ 10%ಗೂ ಹೆಚ್ಚು ವ್ಯತ್ಯಾಸವಿಲ್ಲ, ಉರಿಯಲ್ಲಿ ಮಾತ್ರ ಬಹಳ ವ್ಯತ್ಯಾಸ. ಹೆಚ್ಚು ಕಾಸು ಕೊಟ್ಟು 10% ತಂದು ಮುಖ ಸುಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಕ್ಲಿಂಡಾಮೈಸಿನ್ 1% ಜೆಲ್ ಆಂಟಿಬಯಾಟಿಕ್. ಅದೊಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಒಗ್ಗಿಕೊಂಡು ಔಷಧಿ ನಾಟುವುದು ನಿಲ್ಲುತ್ತದೆ. ಆದ್ದರಿಂದ ಬೆನ್ಜಾಯಿಲ್ ಪೆರಾಕ್ಸೈಡ್ ಜೊತೆಗೇ ಬಳಸಬೇಕು, ಸಾಮಾನ್ಯವಾಗಿ ಮೂರು ತಿಂಗಳಿಗೆ ನಿಲ್ಲಿಸಬೇಕು. ಹಚ್ಚುವ ಔಷಧಿಯೇ ಆದರೂ ಅಪರೂಪಕ್ಕೆ ಇದರಿಂದ ತೀವ್ರ ಭೇದಿ ಆಗುತ್ತದೆ. ಹಾಗಾದರೆ, ಅದರಲ್ಲೂ ರಕ್ತ ಕಂಡರೆ, ತಕ್ಷಣ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಅಜೆಲಾಯಿಕ್ ಆಸಿಡ್ 10% ಅಥವಾ 20% ಮೊಡವೆಗೂ ಕಪ್ಪು ಕಲೆಗೂ ಆಗುತ್ತದೆ, ಮೊದಮೊದಲು ಚುಚ್ಚಿದಂತೆ, ನವೆಯಂತೆ ಅನ್ನಿಸುತ್ತದೆ. ಸ್ಯಾಲಿಸಿಲಿಕ್ ಆಸಿಡ್ 2%ವರೆಗಿನ ಫೇಸ್‌ವಾಶ್ ಬ್ಲ್ಯಾಕ್‌ಹೆಡ್ಡಿಗೆ ತಕ್ಕಮಟ್ಟಿಗೆ.

ಹಚ್ಚುವ ಮುನ್ನ ಮೂರು ದಿನದ ಪರೀಕ್ಷೆ

ಹೊಸ ಔಷಧಿ ಯಾವುದೇ ಇರಲಿ, ಮೊದಲ ದಿನವೇ ಮುಖದ ತುಂಬ ಬಳಿಯಬೇಡಿ. ಕಿವಿಯ ಕೆಳಗೆ, ದವಡೆಯ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮೂರು ದಿನ ಹಚ್ಚಿ ನೋಡಿ. ಬೆನ್ಜಾಯಿಲ್ ಪೆರಾಕ್ಸೈಡ್ ಮತ್ತು ಸ್ಯಾಲಿಸಿಲಿಕ್ ಆಸಿಡ್ ಅಪರೂಪಕ್ಕೆ ಗಂಭೀರ ಅಲರ್ಜಿ ತರುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿ, ಇಂಥದೇ ಪರೀಕ್ಷೆ ಮಾಡಿಕೊಳ್ಳಲು ಹೇಳಿತ್ತು. ಸ್ವಲ್ಪ ಬಿಗಿತ, ಸ್ವಲ್ಪ ಸಿಪ್ಪೆ ಅಲರ್ಜಿಯಲ್ಲ. ದದ್ದು, ನೀರ್ಗುಳ್ಳೆ, ರೆಪ್ಪೆ ಅಥವಾ ತುಟಿ ಊದುವುದು ಅಲರ್ಜಿ. ಗಂಟಲು ಬಿಗಿದಂತಾದರೆ, ಉಸಿರು ಕಷ್ಟವಾದರೆ, ತಲೆ ಸುತ್ತಿ ಬಂದರೆ ಮುಖ ತೊಳೆದು 108ಕ್ಕೆ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.

ಮೊದಲ ರಾತ್ರಿ, ಅಡಾಪಲೀನ್

ಮುಖ ತೊಳೆಯುವುದರಿಂದಲೇ ಶುರು ಮಾಡೋಣ. ಮಲೆನಾಡಿನ ಬಚ್ಚಲುಮನೆಯಲ್ಲಿ ಹಂಡೆ ನೀರು ಯಾವಾಗಲೂ ಸುಡುಸುಡು. ಮೈಗೆ ಅದು ಸುಖ, ಔಷಧಿ ಹಚ್ಚುವ ಮುಖಕ್ಕೆ ಬೇಡ. ಕೈ ಅದ್ದಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸುವಷ್ಟು ನೀರು ಸಾಕು. ಮೈಗೆ ಹಚ್ಚುವ ಸೋಪು ಬೇಡ, ನೊರೆ ಕಡಿಮೆ ಬರುವ, ವಾಸನೆ ಇಲ್ಲದ ಫೇಸ್‌ವಾಶ್ ಬೆರಳ ತುದಿಯಿಂದ ಅರ್ಧ ನಿಮಿಷ ಆಡಿಸಿ ತೊಳೆಯಿರಿ. ಟವೆಲ್ಲಿನಿಂದ ತಿಕ್ಕಬೇಡಿ, ಒತ್ತಿ ಒರೆಸಿ. ಆಮೇಲೆ 20 ನಿಮಿಷ ಬಿಡಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಒದ್ದೆ ಚರ್ಮಕ್ಕೆ ರೆಟಿನಾಯ್ಡ್ ಹೆಚ್ಚು ಇಳಿಯುತ್ತದೆ, ಹೆಚ್ಚು ಉರಿಯುತ್ತದೆ. ಊಟ ಮುಗಿಸಿ ಪಾತ್ರೆ ಎತ್ತಿಡುವಷ್ಟು ಹೊತ್ತು ಅಂದುಕೊಳ್ಳಿ.

ಮೂಗಿನ ಪಕ್ಕದ ಮಡಿಕೆ, ತುಟಿಯ ಎರಡು ಕೊನೆ, ಕಣ್ಣಿನ ಮೂಲೆ ಇವು ಮೊದಲು ಸುಡುವ ಜಾಗಗಳು. ಅಲ್ಲಿಗೆ ತೆಳ್ಳಗೆ ವ್ಯಾಸಲೀನ್ ಸವರಿ.

ಈಗ ಜೆಲ್. ಇಡೀ ಮುಖಕ್ಕೆ ಒಂದು ಹಸಿ ಬಟಾಣಿ ಕಾಳಿನಷ್ಟು. ಅವರೆಕಾಳಿನಷ್ಟು ತೆಗೆದರೆ ಜಾಸ್ತಿ ಆಯಿತು. ಅದನ್ನು ಬೆರಳ ತುದಿಗೆ ತೆಗೆದುಕೊಂಡು ಹಣೆಗೊಂದು, ಎರಡು ಕೆನ್ನೆಗೊಂದೊಂದು, ಮೂಗಿಗೊಂದು, ಗಲ್ಲಕ್ಕೊಂದು ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯನ್ನೂ ಹೊರಮುಖವಾಗಿ ತೆಳ್ಳಗೆ ಎಳೆಯಿರಿ. ಹಚ್ಚಿದ್ದು ಕಣ್ಣಿಗೆ ಕಾಣಬಾರದು. ಬೆಳ್ಳಗೆ ಪದರವಾಗಿ ಕಂಡರೆ ಅದು ಹೆಚ್ಚಾದದ್ದು. ಮುಖ್ಯ ಮಾತು: ಇದು ಎದ್ದ ಮೊಡವೆಯ ತಲೆಗೆ ಇಡುವ ಔಷಧಿಯಲ್ಲ. ಇವತ್ತು ಕಾಣುವ ಗುಳ್ಳೆಯ ಬಿರಡೆ ಕೆಲವು ವಾರಗಳ ಹಿಂದೆಯೇ ಕಟ್ಟಿಕೊಂಡದ್ದು. ಮುಂದಿನದು ಕಟ್ಟಿಕೊಳ್ಳುತ್ತಿರುವುದು ಈಗ ನುಣ್ಣಗೆ ಕಾಣುವ ಚರ್ಮದಲ್ಲಿ. ಅದಕ್ಕೇ ಮೊಡವೆ ಏಳುವ ಜಾಗಕ್ಕೆಲ್ಲ ಹಚ್ಚಬೇಕು, ಚುಕ್ಕಿ ಚುಕ್ಕಿಯಾಗಿ ಅಲ್ಲ. ಒಡೆದ ಗಾಯ, ಕತ್ತರಿಸಿದ ಜಾಗ, ಚರ್ಮ ಕಿತ್ತುಬಂದ ಜಾಗ ಬಿಟ್ಟು ಹಚ್ಚಿ.

ಹತ್ತು ನಿಮಿಷ ಬಿಟ್ಟು ಮೇಲೆ ಮಾಯಿಶ್ಚರೈಸರ್. ಚರ್ಮ ಬೇಗ ಉರಿಯುವವರು ಮೊದಲು ಮಾಯಿಶ್ಚರೈಸರ್, ಆಮೇಲೆ ಜೆಲ್, ಮತ್ತೆ ಮಾಯಿಶ್ಚರೈಸರ್ ಹಚ್ಚಬಹುದು. ಗುಣ ತುಸು ನಿಧಾನವಾದರೂ ಬಿಟ್ಟುಬಿಡುವುದಕ್ಕಿಂತ ಇದು ಮೇಲು. ಕೈ ತೊಳೆದು ಮಲಗಿ, ಕಣ್ಣುಜ್ಜಿದರೆ ರಾತ್ರಿಯಿಡೀ ಉರಿ. ಕಣ್ಣಿಗೆ ಬಿದ್ದರೆ ಬರಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಮೊದಲ ಎರಡು ವಾರ ಮೂರು ರಾತ್ರಿಗೊಮ್ಮೆ. ಮುಂದಿನ ಎರಡು ವಾರ ರಾತ್ರಿ ಬಿಟ್ಟು ರಾತ್ರಿ. ಉರಿಯಿಲ್ಲದಿದ್ದರೆ ಮಾತ್ರ ಆಮೇಲೆ ಪ್ರತಿ ರಾತ್ರಿ. ಕೆಲವರ ಚರ್ಮ ರಾತ್ರಿ ಬಿಟ್ಟು ರಾತ್ರಿಯಿಂದ ಮುಂದೆ ಹೋಗುವುದೇ ಇಲ್ಲ, ಅಲ್ಲೇ ನಿಂತರೂ ಗುಣ ಬರುತ್ತದೆ. ಒಂದು ಬಟಾಣಿ ಅಂದರೆ ಸುಮಾರು ಕಾಲು ಗ್ರಾಂ. 15 ಗ್ರಾಂ ಟ್ಯೂಬ್ ದಿನಾ ಹಚ್ಚಿದರೂ ಎರಡು ತಿಂಗಳು ಬರಬೇಕು. 15 ದಿನಕ್ಕೆ ಖಾಲಿಯಾದರೆ ಎಲ್ಲಿ ತಪ್ಪಾಯಿತೆಂದು ಬೇರೆ ಹುಡುಕಬೇಕಿಲ್ಲ.

ಎರಡನೇ ವಾರದಿಂದ ಆರನೇ ವಾರದೊಳಗೆ ಮೊಡವೆ ಹೆಚ್ಚಾದಂತೆ ಕಾಣಬಹುದು. ಒಳಗೆ ಕಟ್ಟಿದ್ದು ಬೇಗ ಬೇಗ ಹೊರಬರುವುದರಿಂದ ಹೀಗೆ. ಬಹಳ ಜನ ಟ್ಯೂಬ್ ಬಿಸಾಡುವುದು ಇಲ್ಲೇ. ಮಾಮೂಲಿ ಏಳುವ ಜಾಗದಲ್ಲೇ ಎದ್ದು ಬೇಗ ಇಳಿಯುತ್ತಿದ್ದರೆ ಮುಂದುವರಿಸಿ. ಎಂದೂ ಮೊಡವೆ ಬಾರದ ಜಾಗದಲ್ಲಿ, ಉರಿ ನವೆ ಜೊತೆಗೆ ಎದ್ದರೆ ಅದು ಬೇರೆ, ನಿಲ್ಲಿಸಿ ತೋರಿಸಿ. ಫಲ ಸಿಕ್ಕಿತೇ ಇಲ್ಲವೇ ಎಂದು ತೀರ್ಮಾನಿಸಲು 12 ವಾರ ಬೇಕು. ದಿನಾ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ. ನಾಲ್ಕು ವಾರಕ್ಕೊಮ್ಮೆ ಅದೇ ಕಿಟಕಿಯ ಹತ್ತಿರ, ಅದೇ ಹೊತ್ತಿನಲ್ಲಿ, ಫಿಲ್ಟರ್ ಇಲ್ಲದೆ ಮೂರು ಫೋಟೊ ತೆಗೆದಿಡಿ: ಎದುರು, ಎಡ, ಬಲ.

ಬೆನ್ಜಾಯಿಲ್ ಪೆರಾಕ್ಸೈಡ್ ಮತ್ತು ನಿಮ್ಮ ಬಟ್ಟೆ

ಇದು ಬ್ಲೀಚ್. ಬಣ್ಣದ ಟವೆಲ್, ದಿಂಬಿನ ಕವರ್, ಚೂಡಿದಾರದ ಕುತ್ತಿಗೆ ಎಲ್ಲದರ ಮೇಲೂ ಕಿತ್ತಳೆ, ಬಿಳಿ ಮಚ್ಚೆ ಬೀಳುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಹುಬ್ಬು, ಮುಂಗುರುಳಿನ ಬಣ್ಣವೂ ಮಾಸಬಹುದು. ಒಂದು ಬಿಳಿ ಟವೆಲ್, ಒಂದು ಬಿಳಿ ದಿಂಬಿನ ಕವರ್ ಇದಕ್ಕೇ ಇಡಿ. ಬೆನ್ನಿಗೆ ಹಚ್ಚಿದ್ದರೆ ಹಳೆಯ ಬಿಳಿ ಬನಿಯನ್ ಹಾಕಿ ಮಲಗಿ.

2.5% ಜೆಲ್ ಬೆಳಗ್ಗೆ, ದಿನ ಬಿಟ್ಟು ದಿನ ಶುರು ಮಾಡಿ. ಉರಿಯುವವರಿಗೆ ಒಂದು ಒಳದಾರಿ ಇದೆ: ಹಚ್ಚಿ ಐದು ನಿಮಿಷಕ್ಕೆ ತೊಳೆದುಬಿಡುವುದು. ವಾರ ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿಕೊಂಡು ಹೋಗಿ. ಇದೇ ಔಷಧಿಯ ಫೇಸ್‌ವಾಶ್ ಆದರೆ ಹಚ್ಚಿದ ಕೂಡಲೇ ತೊಳೆದರೆ ದುಡ್ಡು ಮೋರಿಗೆ, ಎರಡು ಮೂರು ನಿಮಿಷವಾದರೂ ಮುಖದ ಮೇಲಿರಲಿ.

ಅಡಾಪಲೀನ್ ಮತ್ತು ಇದು ಎರಡೂ ಬೇಕಾದವರು ಒಂದೇ ವಾರ ಎರಡನ್ನೂ ಶುರು ಮಾಡಬೇಡಿ. ಉರಿ ಬಂದರೆ ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ. ಮೊದಲನೆಯದಕ್ಕೆ ಚರ್ಮ ಒಗ್ಗಿದ ಮೇಲೆ, ಮೂರು ನಾಲ್ಕು ವಾರ ಬಿಟ್ಟು ಎರಡನೆಯದು. ಬೆಳಗ್ಗೆ ಬೆನ್ಜಾಯಿಲ್, ರಾತ್ರಿ ಅಡಾಪಲೀನ್. ಡ್ಯಾಪ್ಸೋನ್ ಜೆಲ್ ಹಚ್ಚುವವರು ಅದರ ಮೇಲೆಯೇ ಬೆನ್ಜಾಯಿಲ್ ಪೆರಾಕ್ಸೈಡ್ ಹಚ್ಚಿದರೆ ಚರ್ಮ ತಾತ್ಕಾಲಿಕವಾಗಿ ಹಳದಿ, ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಹೊತ್ತು ಬೇರೆ ಮಾಡಿಕೊಳ್ಳಿ.

ನಮ್ಮ ನೀರು, ನಮ್ಮ ಹವೆ

ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಕಟ್ಟುವುದೇ ಕಷ್ಟ, ಕಟ್ಟಿದ್ದೂ ಪೂರ್ತಿ ಹೋಗದೆ ಚರ್ಮದ ಮೇಲೆ ಪೊರೆಯಾಗಿ ಉಳಿದು ಬಿಗಿತ ತರುತ್ತದೆ. ಅದರ ಮೇಲೆ ರೆಟಿನಾಯ್ಡ್ ಬಿದ್ದರೆ ಉರಿ ಎರಡರಷ್ಟು. ಅಲ್ಲಿನವರು ಸೋಪನ್ನು ಪೂರ್ತಿ ಬಿಟ್ಟು ಸೋಪಿಲ್ಲದ ಕ್ಲೆನ್ಸರ್ ಹಿಡಿಯುವುದು ವಾಸಿ. ಕೊನೆಯ ಸಲ ಮುಖ ತೊಳೆಯಲು ಒಂದು ಚೊಂಬು ಕುಡಿಯುವ ಫಿಲ್ಟರ್ ನೀರು ಎತ್ತಿಟ್ಟುಕೊಳ್ಳಬಹುದು. ಡಿಸೆಂಬರ್, ಜನವರಿಯ ಒಣಗಾಳಿಗೆ ತುಟಿ ಒಡೆಯುವ ದಿನಗಳಲ್ಲಿ ಪ್ರತಿ ರಾತ್ರಿ ಹಚ್ಚುತ್ತಿದ್ದವರು ರಾತ್ರಿ ಬಿಟ್ಟು ರಾತ್ರಿಗೆ ಇಳಿಯಿರಿ. ಶಿವರಾತ್ರಿ ಕಳೆದ ಮೇಲೆ ಮತ್ತೆ ಏರಿಸಿದರಾಯಿತು.

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ತೊಂದರೆ ತದ್ವಿರುದ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟವೆಲ್ ಒಣಗುವುದೇ ಇಲ್ಲ, ಮುಗ್ಗಲು ವಾಸನೆ. ಮುಖಕ್ಕೆ ಅಂಗೈಯಗಲದ ನಾಲ್ಕು ತೆಳು ಬಟ್ಟೆ ಇಟ್ಟುಕೊಂಡು ದಿನಕ್ಕೊಂದರಂತೆ ಬಳಸಿದರೆ ಒಲೆಯ ಮೇಲಿನ ದಂಡಿಗೆಯಲ್ಲಿ ಬೇಗ ಒಣಗುತ್ತವೆ. ಈ ಹವೆಯಲ್ಲಿ ಇನ್ನೊಂದು ಗೊಂದಲವಿದೆ. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಒಟ್ಟೊಟ್ಟಿಗೆ ಎದ್ದು ವಿಪರೀತ ನವೆಯಿದ್ದರೆ, ಬ್ಲ್ಯಾಕ್‌ಹೆಡ್ ಒಂದೂ ಇಲ್ಲದಿದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಕೂದಲ ಬುಡಕ್ಕೆ ತಗಲುವ ಶಿಲೀಂಧ್ರ ಸೋಂಕು ಹಾಗೇ ಕಾಣುತ್ತದೆ. ಅದಕ್ಕೆ ಕ್ಲಿಂಡಾಮೈಸಿನ್ ಹಚ್ಚಿದರೆ ಕಡಿಮೆಯಾಗುವ ಬದಲು ಹೆಚ್ಚಬಹುದು. ನವೆ ಎಷ್ಟಿದೆ ಎಂಬುದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಎಣ್ಣೆ ಸ್ನಾನ ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ತಲೆಗೆ ಹಾಕಿದ ಕೊಬ್ಬರಿ ಎಣ್ಣೆ ಹಣೆಗಿಳಿದು ರಂಧ್ರ ಮುಚ್ಚುತ್ತದೆ. ಹಣೆಯ ಅಂಚಿನುದ್ದಕ್ಕೂ ಸಾಲಾಗಿ ಗುಳ್ಳೆ ಬರುವವರು ಎಣ್ಣೆ ಹಾಕಿಕೊಂಡು ಮಲಗಬೇಡಿ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಾಕಿ, ಸೀಗೆಯಲ್ಲೋ ಶಾಂಪೂವಿನಲ್ಲೋ ತೊಳೆದ ಮೇಲೆ ಹಣೆಯನ್ನೊಮ್ಮೆ ಬೇರೆಯಾಗಿ ತೊಳೆಯಿರಿ. ಚಳಿಗಾಲದಲ್ಲಿ ಕೈಕಾಲಿಗೆ ಕೊಬ್ಬರಿ ಎಣ್ಣೆ ಸರಿ, ಮೊಡವೆ ಮುಖಕ್ಕೆ ಮಾಯಿಶ್ಚರೈಸರ್ ಬದಲು ಅದನ್ನು ಸವರಬೇಡಿ.

ಬಿಸಿಲಿನ ವಿಷಯ. “ಇಲ್ಲಿ ಮಂಜು, ಮೋಡ, ಸನ್‌ಸ್ಕ್ರೀನ್ ಯಾಕೆ” ಎಂದು ಕೇಳುವವರುಂಟು. ಹಾಸನ, ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಪ್ರತಿ 1,000 ಮೀಟರಿಗೆ ನೇರಳಾತೀತ ಕಿರಣ ಹತ್ತು ಶೇಕಡಾದಷ್ಟು ಹೆಚ್ಚುತ್ತದೆ, ಮೋಡದೊಳಗಿಂದಲೂ ಸಾಕಷ್ಟು ಇಳಿಯುತ್ತದೆ. ರೆಟಿನಾಯ್ಡ್ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಕಲೆಯೂ ಬಿಸಿಲಿಗೇ ಕಪ್ಪಾಗುತ್ತದೆ. ಎಸ್‌ಪಿಎಫ್ 30 ಅಥವಾ ಮೇಲಿನ, ಜೆಲ್ ರೂಪದ ಸನ್‌ಸ್ಕ್ರೀನ್ ತೋರುಬೆರಳು ಮಧ್ಯದ ಬೆರಳುಗಳ ಉದ್ದಕ್ಕೆ ಎರಡು ಗೆರೆ ಎಳೆದಷ್ಟು ಬೇಕು. ಮೊಡವೆ ಔಷಧಿಯಲ್ಲಿ ಜಿಪುಣತನ ಒಳ್ಳೆಯದು, ಸನ್‌ಸ್ಕ್ರೀನಿನಲ್ಲಿ ಅಲ್ಲ. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಾಫಿ ಹಣ್ಣು ಬಿಡಿಸುವವರಿಗೆ ಮರದ ನೆರಳಾದರೂ ಇರುತ್ತದೆ, ಕಣದಲ್ಲಿ ಕಾಫಿ ಹರಡಿ ತಿರುವುವವರಿಗೆ ಮೇಲಿಂದ ಬಿಸಿಲು, ಕೆಳಗಿನ ಸಿಮೆಂಟಿನಿಂದ ಪ್ರತಿಫಲನ. ಅವರು ಅಗಲ ಅಂಚಿನ ಟೋಪಿ ಹಾಕಿಕೊಳ್ಳಲಿ, ಇಲ್ಲದಿದ್ದರೆ ಹಣೆ ಮುಚ್ಚುವಂತೆ ವಸ್ತ್ರ ಕಟ್ಟಲಿ. ಬೋರ್ಡೋ ದ್ರಾವಣ ಸಿಂಪಡಿಸುವ ದಿನದ ಹಿಂದಿನ ರಾತ್ರಿ ರೆಟಿನಾಯ್ಡ್ ಬಿಡಿ. ಸಿಪ್ಪೆ ಎದ್ದ ಮುಖಕ್ಕೆ ಆ ಸುಣ್ಣ, ಮೈಲುತುತ್ತದ ಹನಿ ತಾಗಿದರೆ ಚುರ್ ಅನ್ನುತ್ತದೆ.

ಉರಿ ಬಂದಾಗ

ಮೊದಲ ಮೂರ್ನಾಲ್ಕು ವಾರ ತುಸು ಬಿಗಿತ, ಬಾಯಿಯ ಸುತ್ತ ಸಣ್ಣ ಸಿಪ್ಪೆ, ಹಚ್ಚಿದಾಗ ಒಂದೆರಡು ನಿಮಿಷದ ಚುರುಚುರು ಸಹಜ. ಬರಿ ನೀರು ಬಿದ್ದರೂ ಉರಿಯುವುದು, ಬೆಳಗ್ಗೆಯೂ ಕೆಂಪು ಇಳಿಯದಿರುವುದು, ನಕ್ಕರೆ ಚರ್ಮ ಬಿರಿದಂತಾಗುವುದು ಮಿತಿ ಮೀರಿದ ಲಕ್ಷಣ. ಆಗ ಎಲ್ಲವನ್ನೂ ನಿಲ್ಲಿಸಿ: ರೆಟಿನಾಯ್ಡ್, ಬೆನ್ಜಾಯಿಲ್, ಆಸಿಡ್ ಫೇಸ್‌ವಾಶ್, ಸ್ಕ್ರಬ್. ಐದಾರು ದಿನ ದಿನಕ್ಕೆರಡು ಮೂರು ಸಲ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್ ಮಾತ್ರ. ಪೂರ್ತಿ ತಣ್ಣಗಾದ ಮೇಲೆ ಮೂರು ರಾತ್ರಿಗೊಮ್ಮೆಯಿಂದ ಮತ್ತೆ ಶುರು. ಬಿಟ್ಟ ದಿನಗಳ ಲೆಕ್ಕ ತುಂಬಿಸಲು ಎರಡು ಪಟ್ಟು ಹಚ್ಚುವುದು ಬೇಡವೇ ಬೇಡ. ಉರಿ ಆರಿಸಲು ಮನೆಯಲ್ಲಿದ್ದ ಬೀಟಾಮೆಥಸೋನ್ ಟ್ಯೂಬ್ ಹಚ್ಚುವುದಂತೂ ಮೊದಲು ಹೇಳಿದ ಸ್ಟಿರಾಯ್ಡ್ ಬಾವಿಗೇ ಬಿದ್ದಂತೆ.

ಈ ಔಷಧಿಗಳ ಜೊತೆ ನಿಂಬೆರಸ, ಅಡುಗೆ ಸೋಡ, ಟೂತ್‌ಪೇಸ್ಟ್ ಯಾವುದೂ ಸೇರಿಸಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ರಸ ಹರಿದ ದಾರಿಯಲ್ಲೇ ಸುಟ್ಟ ಕಪ್ಪು ಗೆರೆ ಬೀಳುತ್ತದೆ.

ಪಾರ್ಲರಿಗೆ ಹೋಗುವವರು ಗಮನಿಸಿ. ರೆಟಿನಾಯ್ಡ್ ಹಚ್ಚಿದ ಚರ್ಮದ ಮೇಲ್ಪದರ ಸಡಿಲ, ತುಟಿಯ ಮೇಲೆ ವ್ಯಾಕ್ಸ್ ಎಳೆದರೆ ಕೂದಲ ಜೊತೆ ಚರ್ಮವೂ ಬರುತ್ತದೆ, ಅಲ್ಲಿ ಮೀಸೆಯಂತೆ ಕಪ್ಪು ಪಟ್ಟೆ ಉಳಿಯುತ್ತದೆ. ವ್ಯಾಕ್ಸ್‌ಗೆ ಒಂದು ವಾರ ಮುಂಚೆ ಆ ಜಾಗಕ್ಕೆ ಹಚ್ಚುವುದು ನಿಲ್ಲಿಸಿ. ಹುಬ್ಬಿನ ಥ್ರೆಡಿಂಗ್‌ಗೂ ಅಷ್ಟೇ. ಮದುವೆಗೆ ಎಂಟು ದಿನ ಇದೆ ಎಂದು ಹೊಸ ಜೆಲ್ ಶುರು ಮಾಡುವವರೂ ಇದ್ದಾರೆ. ಸಿಪ್ಪೆ ಏಳುವುದು ಸರಿಯಾಗಿ ಧಾರೆಯ ದಿನಕ್ಕೇ. ಮದುವೆಗಾಗಿ ಶುರು ಮಾಡುವುದಾದರೆ ಮೂರು ತಿಂಗಳು ಮುಂಚೆ.

ಯಾರು ಹಚ್ಚಬಾರದು, ಯಾವಾಗ ಡಾಕ್ಟರು ಬೇಕು

ಬಸುರಿಯರಿಗೆ, ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಅಡಾಪಲೀನ್, ಟ್ರೆಟಿನಾಯಿನ್ ಬೇಡ. ತಿಳಿಯದೆ ಹಚ್ಚಿದ್ದಾಗ ಮುಟ್ಟು ನಿಂತದ್ದು ಗೊತ್ತಾದರೆ ಗಾಬರಿಯಾಗದೆ ಅವತ್ತೇ ನಿಲ್ಲಿಸಿ, ಮುಂದಿನ ತಪಾಸಣೆಯಲ್ಲಿ ಹೇಳಿ. ಅವರಿಗೆ ಅಜೆಲಾಯಿಕ್ ಆಸಿಡ್ ಸಾಮಾನ್ಯವಾಗಿ ಸರಿಹೋಗುತ್ತದೆ, ಅದನ್ನೂ ಡಾಕ್ಟರನ್ನು ಕೇಳಿಯೇ ಹಚ್ಚಿ. ಹಾಲೂಡಿಸುವವರು ಮಗುವಿನ ಬಾಯಿ, ಕೆನ್ನೆ ತಾಗುವ ಎದೆಯ ಭಾಗಕ್ಕೆ ಏನನ್ನೂ ಹಚ್ಚಬಾರದು. 12 ವರ್ಷಕ್ಕಿಂತ ಚಿಕ್ಕವರಿಗೆ ಅಂಗಡಿಯಿಂದ ತಂದು ಹಚ್ಚಬೇಡಿ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು ಡಾಕ್ಟರು ಹೇಳದೆ ಮೇಲಿಂದ ರೆಟಿನಾಯ್ಡ್, ಬೆನ್ಜಾಯಿಲ್ ಹಚ್ಚಿದರೆ ತುಟಿ, ಮುಖ ಒಡೆದುಹೋಗುತ್ತದೆ. ಆ ಮಾತ್ರೆಯನ್ನು ಗೆಳತಿಯಿಂದ ಕೇಳಿ ಪಡೆಯುವುದಂತೂ ಅಪಾಯ, ಬಸಿರಲ್ಲಿ ಅದು ಮಗುವಿಗೆ ಗಂಭೀರ ಅಂಗದೋಷ ತರುತ್ತದೆ.

ಚರ್ಮದಡಿ ಗೋಲಿಯಂತೆ ಗಟ್ಟಿಯಾಗಿ ನೋಯುವ ಗಂಟು, ಹಳ್ಳ ಬೀಳುತ್ತಿರುವ ಕಲೆ, ಜ್ವರ ಕೀಲುನೋವಿನ ಜೊತೆ ಒಮ್ಮೆಲೇ ಎದ್ದ ಮೊಡವೆ ಇವಕ್ಕೆ ಟ್ಯೂಬ್ ಹಚ್ಚಿಕೊಂಡು 12 ವಾರ ಕಾಯಬೇಡಿ. ಹಳ್ಳ ಬಿದ್ದ ಮೇಲೆ ಯಾವ ಜೆಲ್ಲೂ ಅದನ್ನು ತುಂಬುವುದಿಲ್ಲ. ಹೆಣ್ಣುಮಕ್ಕಳಿಗೆ ಗಲ್ಲ, ದವಡೆಯ ಮೇಲೆಯೇ ಮೊಡವೆ ಬಂದು, ಮುಟ್ಟೂ ಏರುಪೇರಾಗಿ, ಮೀಸೆ ಗಡ್ಡದ ಜಾಗದಲ್ಲಿ ಕೂದಲು ಹೆಚ್ಚಿದ್ದರೆ ಹಾರ್ಮೋನ್ ಪರೀಕ್ಷೆ ಬೇಕಾಗುತ್ತದೆ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಹಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗವಿದೆ, ಚಿಕ್ಕಮಗಳೂರಿನವರು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದು. ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. “ಬಿಳಿ ಬಣ್ಣದ್ದು, ನೀಲಿ ಮುಚ್ಚಳದ್ದು” ಎಂದರೆ ಯಾವ ಡಾಕ್ಟರಿಗೂ ಏನೂ ಹೊಳೆಯುವುದಿಲ್ಲ.

ಇಡುವುದು, ಮುಂದುವರಿಸುವುದು

ಟ್ಯೂಬ್ ತೆರೆದ ದಿನಾಂಕ ಅದರ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ಸ್ಕೂಟರಿನ ಡಿಕ್ಕಿ, ಕಾರಿನ ಮುಂಭಾಗ, ಒಲೆಯ ಪಕ್ಕದ ಗೂಡು ಯಾವುದೂ ಬೇಡ. ಬೆನ್ಜಾಯಿಲ್ ಪೆರಾಕ್ಸೈಡ್ ಬಿಸಿಗೆ ಒಡೆದು ಬೆನ್ಜೀನ್ ಎಂಬ ವಿಷವಸ್ತುವಾಗಬಲ್ಲದು, ಅದು ತಣ್ಣಗಿನ ಕಪಾಟಿನಲ್ಲೇ ಇರಬೇಕು. ಕ್ಲಿಂಡಾಮೈಸಿನ್ ಬೆರೆತ ಕೆಲವು ಜೆಲ್‌ಗಳನ್ನು ಫ್ರಿಜ್ಜಿನಲ್ಲಿಡಲು, ತೆರೆದ ಮೇಲೆ ಇಷ್ಟೇ ದಿನ ಬಳಸಲು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಪೆಟ್ಟಿಗೆ ಬಿಸಾಡಬೇಡಿ.

ಮುಖ ತಿಳಿಯಾದ ಮೇಲೆ ಏನು? ಆಂಟಿಬಯಾಟಿಕ್ ಜೆಲ್ ಇದ್ದರೆ ನಿಲ್ಲಿಸಿ. ಅಡಾಪಲೀನ್ ನಿಲ್ಲಿಸಬೇಡಿ, ಪ್ರವೃತ್ತಿ ಇರುವ ಚರ್ಮದಲ್ಲಿ ಬಿರಡೆ ಕಟ್ಟುವ ಕೆಲಸ ಒಳಗೆ ನಡೆದೇ ಇರುತ್ತದೆ. ವಾರಕ್ಕೆ ಮೂರು ರಾತ್ರಿ, ಅದೇ ಬಟಾಣಿಯಷ್ಟು ಸಾಕು. ಎಷ್ಟು ದಿನ ಎಂಬುದನ್ನು ಡಾಕ್ಟರ ಜೊತೆ ಮಾತಾಡಿ ಇಟ್ಟುಕೊಳ್ಳಿ, ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ. ಉಳಿದ ಕಪ್ಪು ಕಲೆ ಮೂರರಿಂದ ಹನ್ನೆರಡು ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತಾ ಬರುತ್ತದೆ, ಸನ್‌ಸ್ಕ್ರೀನ್ ತಪ್ಪದೆ ಹಚ್ಚಿದರೆ ಇನ್ನೂ ಬೇಗ. ಅದನ್ನು ಚಿವುಟಬೇಡಿ.